ಒಲ್ಲೆ ಎಂದವಳ ಸಾಕ್ಷ್ಯ

ನನ್ನ ಮಗಳು ಚಾರುಗೆ ಸಿಹಿ ಸೇರುವುದಿಲ್ಲ ಎಂಬುದು ನಮ್ಮ ಕ್ವಾರ್ಟರ್ಸಿನ ಇಡೀ ಸಾಲಿಗೆ ಗೊತ್ತಿತ್ತು. ಹಾಲು ತರುವವನಿಗೆ ಗೊತ್ತಿತ್ತು, ಹಬ್ಬದ ದಿನ ತಟ್ಟೆ ಹಿಡಿದು ಬರುತ್ತಿದ್ದ ಎದುರುಮನೆಯ ತೆಲುಗು ಹೆಂಗಸಿಗೆ ಗೊತ್ತಿತ್ತು. ಗೊತ್ತಿಲ್ಲದಿದ್ದುದು ಆಸ್ಪತ್ರೆಗೆ. ಅಲ್ಲಿ ಅವಳ ಹೆಸರಿನ ಕಡತ ಎರಡು ಬೆರಳು ದಪ್ಪವಾಗಿತ್ತು. ಅವಳ ತೂಕ, ಜ್ವರ, ರಕ್ತ, ಅವಳ ತಂದೆ ಕೆಲಸ ಮಾಡುವ ಕಾರ್ಖಾನೆಯ ಹೆಸರು, ಅವರ ನೌಕರಿಯ ಕ್ರಮಸಂಖ್ಯೆ ಎಲ್ಲವೂ ಅದರಲ್ಲಿದ್ದವು. ಏನನ್ನು ಕಂಡರೆ ಈ ಮಗು ಮುಖ ತಿರುಗಿಸುತ್ತದೆ ಎಂಬ ಒಂದು ಸಾಲು ಮಾತ್ರ ಎಲ್ಲಿಯೂ ಇರಲಿಲ್ಲ. ಯಾರೂ ಕೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಬರೆಯದೆ ಉಳಿದ ಆ ಸಾಲಿನ ಬೆಲೆ ಏನಾಯಿತೆಂದು ಹೇಳಲು ಕುಳಿತಿದ್ದೇನೆ. ಹೆಸರಿಲ್ಲದ ಕಾಯಿಲೆಯ ಮಗುವನ್ನು ಮಡಿಲಲ್ಲಿಟ್ಟುಕೊಂಡು ಯಾವುದೋ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಿರುವ ತಾಯಿಯೊಬ್ಬಳು ಇದನ್ನು ಓದಲಿ ಎಂಬುದು ನನ್ನ ಆಸೆ.

ಹೈದರಾಬಾದಿನಲ್ಲಿ ಗಾಜಿನ ಕಟ್ಟಡಗಳು ಒಂದರ ಹಿಂದೊಂದು ಏಳುತ್ತಿದ್ದ ವರ್ಷಗಳವು. ನನ್ನ ಗಂಡ ಶರಣು ಬಾಲಾನಗರದಲ್ಲಿ, ವಿಮಾನದ ಉಪಕರಣ ತಯಾರಿಸುವ ಸರ್ಕಾರಿ ಕಾರ್ಖಾನೆಯ ತಪಾಸಣೆ ವಿಭಾಗದಲ್ಲಿದ್ದರು. ನಾನು ತಾರ್ನಾಕದ ವಿಶ್ವವಿದ್ಯಾಲಯದಲ್ಲಿ ಸಾರ್ವಜನಿಕ ಆಡಳಿತದಲ್ಲಿ ಎಂ.ಫಿಲ್. ಮಾಡುತ್ತಿದ್ದೆ. ಕಚೇರಿಯ ನಮೂನೆಗಳು ಜನರನ್ನು ಏನು ಕೇಳುತ್ತವೆ, ಏನು ಕೇಳುವುದಿಲ್ಲ ಎಂಬುದು ನನ್ನ ಪ್ರಬಂಧದ ವಿಷಯ. ಮನೆಯಲ್ಲಿ ಮೂರನೆಯವರು ಅತ್ತಿ, ಶರಣುವಿನ ತಾಯಿ ಗಂಗಮ್ಮ. ರಾಯಚೂರು ಸೀಮೆಯವರು, ನನ್ನ ತಂದೆಯ ಸ್ವಂತ ಅಕ್ಕ. ಅಂದರೆ ನಾನು ಮದುವೆಯಾದದ್ದು ಸೋದರತ್ತೆಯ ಮಗನನ್ನು, ಯಾರ ಒತ್ತಾಯವೂ ಇಲ್ಲದೆ. ಇದನ್ನು ಮೊದಲೇ ಹೇಳುತ್ತಿದ್ದೇನೆ, ಏಕೆಂದರೆ ಮುಂದೆ ಇದನ್ನೇ ಹಿಡಿದು ನಮ್ಮನ್ನು ಬೈಯಲಾಯಿತು.

ಚಾರುಗಿಂತ ಮೊದಲು ಅಭಯ ಇದ್ದ. ಆರು ತಿಂಗಳು ಎದೆಹಾಲಿನಲ್ಲಿ ದುಂಡಗೆ ಬೆಳೆದ. ಏಳನೆಯ ತಿಂಗಳಲ್ಲಿ ಅತ್ತಿ ಗೋಧಿ ರವೆಗೆ ಬೆಲ್ಲ ಹಾಕಿ ಸಜ್ಜಕ ಮಾಡಿ ಮೊದಲ ತುತ್ತು ಉಣ್ಣಿಸಿದರು. ಅನಂತರ ಕಿವುಚಿದ ಬಾಳೆಹಣ್ಣು ಬಂತು. ಅದರ ಹಿಂದೆಯೇ ವಾಂತಿ, ತಣ್ಣನೆಯ ಬೆವರು, ಕೆಲವೇ ವಾರಗಳಲ್ಲಿ ಹಳದಿ ಬಣ್ಣಕ್ಕೆ ತಿರುಗಿದ ಕಣ್ಣು. ಕಾಮಣಿ ಎಂದರು ಅತ್ತಿ. ಕಾಮಾಲೆ ಎಂದಿತು ಆಸ್ಪತ್ರೆ. ಕಾಮಾಲೆಗೆ ನಮ್ಮ ಜನ ಏನು ಕೊಡುತ್ತಾರೆಂದು ಕನ್ನಡನಾಡಿನಲ್ಲಿ ಹುಟ್ಟಿದ ಯಾರಿಗೂ ಹೇಳಬೇಕಾಗಿಲ್ಲ. ಕಬ್ಬಿನ ಹಾಲು. ಆಸ್ಪತ್ರೆಯ ಪಥ್ಯದ ವಿಭಾಗದಲ್ಲಿದ್ದ ಹುಡುಗಿ ನಮ್ಮ ಕೈಗೆ ಕೊಟ್ಟ ಅಚ್ಚಾದ ಚೀಟಿಯಲ್ಲಿಯೂ ಅದೇ ಮೊದಲನೆಯದಾಗಿತ್ತು. ಕಬ್ಬಿನ ಹಾಲು, ಹಣ್ಣಿನ ರಸ, ಜೇನು. ಚೀಟಿಯ ಮೇಲೆ ಬಾಲ್‌ಪೆನ್ನಿನಲ್ಲಿ ಅವನ ಹೆಸರು ಬರೆದುಕೊಟ್ಟಳು.

ಅತ್ತಿಯ ಬಳಿ ಒಂದು ಒಳಲೆ ಇತ್ತು, ಹಸುಗೂಸಿಗೆ ಹಾಲು ಹಾಕುವ, ಉದ್ದ ಮೂತಿಯ ಪುಟ್ಟ ಬೆಳ್ಳಿ ಬಟ್ಟಲು. ಕಾಲು ನೀಡಿ ಕುಳಿತು, ಕೂಸನ್ನು ಮೊಣಕಾಲಿನ ಮೇಲೆ ಮಲಗಿಸಿ, ಎಡಗೈಯಿಂದ ಮೂಗು ಹಿಡಿದು ಬಲಗೈಯಿಂದ ಒಳಲೆ ಓರೆ ಮಾಡಿದರೆ ಒಂದು ಹನಿಯೂ ಹೊರಗೆ ಚೆಲ್ಲುತ್ತಿರಲಿಲ್ಲ. ಆ ಕೈಚಳಕಕ್ಕಾಗಿ ಸಾಲಿನ ಮನೆಗಳವರೆಲ್ಲ ಅವರನ್ನು ಕರೆಯುತ್ತಿದ್ದರು. ಅಭಯನಿಗೆ ಹನ್ನೊಂದು ದಿನ ಹಾಗೆ ಕಬ್ಬಿನ ಹಾಲು ಹಾಕಿದೆವು. ಕಾಲು ಹಿಡಿದುಕೊಂಡಿದ್ದವಳು ನಾನು. ಎಂಟು ತಿಂಗಳು ತುಂಬುವ ಮೊದಲೇ ಅವನು ಹೋದ. ವೈರಾಣುವಿನ ಕಾಮಾಲೆಯಿಂದ ಯಕೃತ್ತು ಸೋತಿತು ಎಂದು ಬರೆದುಕೊಟ್ಟರು. ನಾವು ನಂಬಿದೆವು.

ಎರಡು ವರ್ಷದ ಮೇಲೆ ಚಾರು ಹುಟ್ಟಿದಳು. ತೆಲುಗಿನಲ್ಲಿ ಚಾರು ಎಂದರೆ ಸಾರು. "ಪೇರು ಚಾರು, ತಿನೇದಿ ಪೆರುಗನ್ನಂ" ಎಂದು ಎದುರುಮನೆಯವರು ನಗುತ್ತಿದ್ದರು. ಹೆಸರು ಸಾರು, ತಿನ್ನುವುದು ಮೊಸರನ್ನ. ನಿಜವಾಗಿಯೂ ಅವಳು ಮೊಸರನ್ನ, ಹಾಲು, ಒಣರೊಟ್ಟಿಯ ಚೂರು ಬಿಟ್ಟರೆ ಬೇರೆ ಏನನ್ನೂ ತುಟಿಯ ಒಳಗೆ ಬಿಡುತ್ತಿರಲಿಲ್ಲ. ನನಗೆ ಅಭಯನ ಭಯವಿತ್ತು. ವರ್ಷದವರೆಗೆ ಎದೆಹಾಲನ್ನೇ ಮುಖ್ಯ ಮಾಡಿದ್ದೆ. ಮೊದಲ ಹುಟ್ಟುಹಬ್ಬಕ್ಕೆ ಅತ್ತಿ ಸಜ್ಜಕ ಮಾಡಿದಾಗ ಅವಳು ಉಗುಳಿದಳು. ಇನ್ನೊಮ್ಮೆ ಇಟ್ಟರೆ ಬಾಯಿ ಬಿಗಿಹಿಡಿದು ಮುಖ ತಿರುಗಿಸಿದಳು.

"ಎಂಥಾ ಹಟ ಇದಕ್ಕ. ಸೀ ಒಲ್ಲೆ ಅನ್ನೋ ಕೂಸನ್ನ ನಾ ಎಲ್ಲಿ ನೋಡಿಲ್ಲವ್ವಾ" ಎಂದರು ಅತ್ತಿ.

"ಅಪ್ಪನ ಹಟ" ಎಂದೆ ನಾನು. ಶರಣು ನಕ್ಕರು. ಅವಳ ಹಟ ಮನೆಯ ತಮಾಷೆಯಾಯಿತು. ಆ ತಮಾಷೆಯಲ್ಲಿ ನಾವು ಕಳೆದದ್ದು ಸುಮಾರು ಒಂದು ವರ್ಷ.

ಹಟದ ಮಗುವಿಗೂ ಕೆಮ್ಮು ಬರುತ್ತದೆ, ಜ್ವರ ಬರುತ್ತದೆ. ಡಾಕ್ಟರರು ಗುಲಾಬಿ ಬಣ್ಣದ, ಕಿತ್ತಳೆ ಬಣ್ಣದ ಸಿರಪ್ ಬರೆಯುತ್ತಿದ್ದರು. ಅವಳು ಒಲ್ಲೆನೆಂದು ಅಳುತ್ತಿದ್ದಳು. ಔಷಧಿಯನ್ನು ಮಗುವಿನ ಇಷ್ಟಕ್ಕೆ ಬಿಡಲಾಗದಲ್ಲ. ಒಳಲೆ ಹೊರಗೆ ಬರುತ್ತಿತ್ತು. ಅತ್ತಿ ಮೂಗು ಹಿಡಿಯುತ್ತಿದ್ದರು, ನಾನು ಕಾಲು. ಅರ್ಧ ಗಂಟೆಯಲ್ಲಿ ಅವಳು ಸುಣ್ಣದಂತೆ ಬಿಳಿಚುತ್ತಿದ್ದಳು, ಬೆವರುತ್ತಿದ್ದಳು, ಕಣ್ಣು ಮೇಲಕ್ಕೆ ಹೊರಳಿಸುತ್ತಿದ್ದಳು. ಒಮ್ಮೆ ಕೈಕಾಲು ಸೆಟೆದವು. ನಾವು ಅಭಯ ಹೋದ ಆಸ್ಪತ್ರೆಯನ್ನು ಬಿಟ್ಟು, ಆಗಷ್ಟೇ ತೆರೆದಿದ್ದ ಹೊಸ ಆಸ್ಪತ್ರೆಗೆ ಓಡುತ್ತಿದ್ದೆವು. ಅಲ್ಲಿ ರಕ್ತನಾಳಕ್ಕೆ ಗ್ಲೂಕೋಸಿನ ನೀರು ಹಚ್ಚಿ, ಬಾಯಿಗೆ ಏನನ್ನೂ ಕೊಡದೆ ಮಲಗಿಸುತ್ತಿದ್ದರು. ಮೂರನೆಯ ದಿನ ಅವಳು ಎದ್ದು ಕುಳಿತು ನಗುತ್ತಿದ್ದಳು. ಮತ್ತೆರಡು ಸೀಸೆ ಸಿರಪ್ ಕೊಟ್ಟು ಮನೆಗೆ ಕಳುಹಿಸುತ್ತಿದ್ದರು. ಮನೆಯಲ್ಲಿ ಮತ್ತೆ ಬೀಳುತ್ತಿದ್ದಳು.

ಈ ಸುತ್ತನ್ನು ಓದುಗರು ಗಮನವಿಟ್ಟು ನೋಡಬೇಕು. ಆಸ್ಪತ್ರೆಯಲ್ಲಿ ಗುಣವಾಗುವ ಮಗು ಮನೆಯಲ್ಲಿ ಬೀಳುತ್ತದೆ. ಇದರಿಂದ ಆಸ್ಪತ್ರೆ ತೆಗೆದ ತೀರ್ಮಾನವೇನೆಂದರೆ, ದೋಷ ಮನೆಯಲ್ಲಿದೆ.

ಆ ಆಸ್ಪತ್ರೆಯ ಕಾಯುವ ಕೋಣೆ ವಿಮಾನ ನಿಲ್ದಾಣದಂತಿತ್ತು. ಗೋಡೆಯ ಪರದೆಯ ಮೇಲೆ ಕೆಂಪು ಅಂಕಿಗಳು ಹೊಳೆದು ನಮ್ಮನ್ನು ಕರೆಯುತ್ತಿದ್ದವು. ಕೊರಳಿಗೆ ಕಂಪನಿಯ ಗುರುತಿನ ಚೀಟಿ ನೇತುಹಾಕಿಕೊಂಡ ತಂದೆತಾಯಿಗಳು ಒಂದು ಕೈಯಲ್ಲಿ ಮಗು, ಒಂದು ಕೈಯಲ್ಲಿ ಮೊಬೈಲು ಹಿಡಿದು ಓಡಾಡುತ್ತಿದ್ದರು. ಅವರ ಮುಖದಲ್ಲಿದ್ದ ಹೆದರಿಕೆ ನನ್ನದಕ್ಕಿಂತ ಬೇರೆಯಾಗಿರಲಿಲ್ಲ. ಹಿಂಬದಿಯಲ್ಲಿ ಇನ್ನೊಂದು ಕಟ್ಟಡ ಏಳುತ್ತಿತ್ತು. ಒಂದು ಮಧ್ಯಾಹ್ನ ಚಾರು ಅಳು ನಿಲ್ಲಿಸದಾಗ ಅವಳನ್ನು ಎತ್ತಿಕೊಂಡು ಆ ಕಡೆಯ ಮೆಟ್ಟಿಲಿನ ಮೇಲೆ ಕುಳಿತೆ. ಸಿಮೆಂಟು ಹೊರುತ್ತಿದ್ದ ಹೆಂಗಸೊಬ್ಬಳು ಬುತ್ತಿ ಬಿಚ್ಚಿದ್ದಳು. ನಾನು ಮಗಳಿಗೆ ಕನ್ನಡದಲ್ಲಿ ಸಮಾಧಾನ ಹೇಳುವುದು ಕೇಳಿ ತಿರುಗಿದಳು.

"ನಮ್ಮ ಕಡೇರೇನ್ರಿ ಅಕ್ಕಾರ? ನಮ್ಮದು ಸುರಪುರ. ಕೂಸಿಗೆ ಹಸಿವಾಗೈತಿ ನೋಡ್ರಿ." ಜೋಳದ ಒಣರೊಟ್ಟಿಯ ಚೂರೊಂದನ್ನು ಮುರಿದು ಚಾರುವಿನ ಕೈಗಿಟ್ಟಳು. ಅವಳು ಅದನ್ನು ಎರಡೂ ಕೈಯಲ್ಲಿ ಹಿಡಿದು ಕಡಿಯತೊಡಗಿದಳು. "ಹುಷಾರಿಲ್ಲ ಅಂತೀರಿ, ಹಲ್ಲು ಭಾಳ ಗಟ್ಟಿ ಅದಾವಲ್ರಿ" ಎಂದು ಆಕೆ ನಕ್ಕಳು. ಆ ವರ್ಷ ಆ ಆವರಣದಲ್ಲಿ ನನ್ನ ಮಗಳು ಖುಷಿಯಿಂದ ತಿಂದ ಆಹಾರ ಅದೊಂದೇ. ಆಕೆಯ ಹೆಸರನ್ನು ನಾನು ಕೇಳಲಿಲ್ಲ. ಆ ತಪ್ಪು ಈಗಲೂ ಚುಚ್ಚುತ್ತದೆ.

ನಾಲ್ಕನೆಯ ಬಾರಿ ಸೇರಿಸಿದಾಗ ಚಾರುಗೆ ಒಂದು ವರ್ಷ ಹನ್ನೊಂದು ತಿಂಗಳು. ಹೊಟ್ಟೆ ಉಬ್ಬಿತ್ತು, ಕೈಕಾಲು ಕಡ್ಡಿಯಾಗಿದ್ದವು, ಕಣ್ಣಿನ ಬಿಳಿ ಮಾಸಲು ಹಳದಿಯಾಗಿತ್ತು. ಆ ಬಣ್ಣ ನನಗೆ ಪರಿಚಯದ್ದು. ದೊಡ್ಡ ಡಾಕ್ಟರರು ಕಂಪ್ಯೂಟರಿನ ಪರದೆ ನೋಡುತ್ತಲೇ ಮಾತಾಡಿದರು. ನೀರು ಕುದಿಸುತ್ತೀರಾ? ಅಡುಗೆ ಯಾರು ಮಾಡುತ್ತಾರೆ? ಮನೆಯಲ್ಲಿ ಯಾರಾದರೂ ನಾಟಿ ಔಷಧಿ ಹಾಕುತ್ತಿದ್ದಾರಾ? ಅತ್ತಿಯ ಕಡೆ ಅವರ ಕಣ್ಣು ಹೋಯಿತು. ಅನಂತರ ಮೊದಲ ಮಗುವಿನ ಬಗ್ಗೆ, ಮದುವೆಯ ಬಗ್ಗೆ ಕೇಳಿದರು. ಹೇಳಿದೆ.

"ಮೇನರಿಕಂ ಅನಿ ಮುಂದೇ ಎಂದುಕು ಚೆಪ್ಪಲೇದು?" ಎಂದರು. ಒಳಸಂಬಂಧದ ಮದುವೆ ಎಂದು ಮೊದಲೇ ಏಕೆ ಹೇಳಲಿಲ್ಲ ಎಂದು. ಓದಿದವರಾಗಿ ನೀವೇ ಹೀಗೆ ಮಾಡಿದರೆ ಹೇಗೆ ಎಂದೂ ಸೇರಿಸಿದರು. ಪಕ್ಕದಲ್ಲಿದ್ದ ಕಿರಿಯ ಡಾಕ್ಟರರು ತಲೆ ತಗ್ಗಿಸಿ ಬರೆದುಕೊಂಡರು.

ಆ ಮಾತಿನಲ್ಲಿದ್ದ ಅವಮಾನವನ್ನು ನಾನು ಕ್ಷಮಿಸಬಲ್ಲೆ. ಆದರೆ ಅದರಲ್ಲಿದ್ದ ಸೋಮಾರಿತನವನ್ನು ಕ್ಷಮಿಸಲಾರೆ. ಒಂದೇ ರಕ್ತದ ಇಬ್ಬರ ಒಂದು ಮಗು ಹೋಗಿದೆ, ಇನ್ನೊಂದು ಅದೇ ದಾರಿಯಲ್ಲಿದೆ ಎಂದರೆ, ವಂಶದಲ್ಲಿ ಏನು ಹರಿದು ಬಂದಿದೆಯೆಂದು ಹುಡುಕಲು ಅದಕ್ಕಿಂತ ದೊಡ್ಡ ಸುಳಿವು ಬೇಕೆ? ಅವರು ಅದನ್ನು ಸುಳಿವಾಗಿ ತೆಗೆದುಕೊಳ್ಳಲಿಲ್ಲ. ಉತ್ತರವೇ ಸಿಕ್ಕಿತೆಂಬಂತೆ ಬೈದು ಮುಗಿಸಿದರು. ಯಕೃತ್ತಿಗೆ ಸೂಜಿ ಹಾಕಿ ಚೂರು ತೆಗೆದು ನೋಡಬೇಕು, ಮುಂದಿನ ವಾರ ಬನ್ನಿ ಎಂದರು. ಅಲ್ಲಿಯವರೆಗೆ ಯಕೃತ್ತಿನ ಬಲಕ್ಕೆ ಒಂದು ಟಾನಿಕ್ಕು ಬರೆದರು. ಅದು ಪಾಕದಷ್ಟು ಸಿಹಿಯಾಗಿತ್ತು.

ಕಾರ್ಖಾನೆಯ ನೌಕರರ ಮಕ್ಕಳಿಗೆ ಹೊರಗೆ ಇಂಥ ದೊಡ್ಡ ಪರೀಕ್ಷೆ ಮಾಡಿಸಬೇಕಾದರೆ ಕಾರ್ಖಾನೆಯ ಸ್ವಂತ ದವಾಖಾನೆಯ ಒಪ್ಪಿಗೆ ಚೀಟಿ ಬೇಕಿತ್ತು. ಚೀಟಿಗೆ ಮೊದಲು ಅಲ್ಲಿಯೇ ರಕ್ತ, ಮೂತ್ರದ ಸಾಮಾನ್ಯ ಪರೀಕ್ಷೆ ಆಗಬೇಕೆಂಬ ಹಳೆಯ ನಿಯಮ. ನಾನು ಆ ನಿಯಮವನ್ನು ಶಪಿಸುತ್ತಲೇ ಅತ್ತಿಯೊಂದಿಗೆ ಚಾರುವನ್ನು ಎತ್ತಿಕೊಂಡು ಹೋದೆ.

ಅಲ್ಲಿ ಪ್ರಯೋಗಾಲಯವೆಂದರೆ ಒಂದು ಕೋಣೆ, ಒಂದು ಕಲ್ಲಿನ ಕಟ್ಟೆ, ಒಬ್ಬ ಮನುಷ್ಯ. ಕೊಪ್ಪಳದ ಕಡೆಯ ಹನುಮಂತಪ್ಪನವರು, ನಿವೃತ್ತಿಗೆ ಹತ್ತಿರವಾದವರು. ಅವರ ಕೋಣೆಗೂ ಪರೀಕ್ಷೆಯ ಯಂತ್ರ ಬರುವುದೆಂದು ಹೇಳುತ್ತಿದ್ದರು, ಬಂದಿರಲಿಲ್ಲ. ಅವರು ಗಾಜಿನ ನಳಿಕೆಯಲ್ಲಿ ತಿಳಿನೀಲಿ ದ್ರಾವಣ ಹಾಕಿ, ಅದಕ್ಕೆ ಎಂಟು ಹನಿ ಮೂತ್ರ ಬಿಟ್ಟು, ಸ್ಪಿರಿಟ್ ದೀಪದ ಮೇಲೆ ಹಿಡಿದರು. ನಾನು ಕಿಟಕಿಯ ಆಚೆ ನೋಡುತ್ತಿದ್ದೆ. ಹನುಮಂತಪ್ಪನವರು ಕರೆದಾಗ ತಿರುಗಿದೆ. ನೀಲಿ ಹಸಿರಾಗಿ, ಹಸಿರು ಹಳದಿಯಾಗಿ, ತಳದಲ್ಲಿ ಇಟ್ಟಿಗೆಯ ಕೆಂಪು ಕೂರುತ್ತಿತ್ತು.

"ದೊಡ್ಡ ದವಾಖಾನಿ ಕಾಗದ ಕೊಡ್ರಿ" ಎಂದು ಕೇಳಿ ಓದಿದರು. ಅಲ್ಲಿ, ಪ್ರತಿ ಬಾರಿಯೂ, ಮೂತ್ರದಲ್ಲಿ ಸಕ್ಕರೆ ಇಲ್ಲ ಎಂದಿತ್ತು.

"ನಿಮ್ಮದು ತಪ್ಪಿರಬೇಕೇನ್ರಿ?" ಎಂದೆ.

"ಇರಬಹುದ್ರಿ ಅಮ್ಮಾರ." ಅವರು ಬೇಸರಿಸಲಿಲ್ಲ. ಇನ್ನೊಂದು ನಳಿಕೆ ತೊಳೆದು ಮತ್ತೆ ಮಾಡಿದರು. ಮತ್ತೆ ಕೆಂಪು. ಡಬ್ಬಿಯಿಂದ ಒಂದು ಕಾಗದದ ಪಟ್ಟಿ ತೆಗೆದು ಅದೇ ಮೂತ್ರದಲ್ಲಿ ಅದ್ದಿದರು. ಪಟ್ಟಿಯ ಬಣ್ಣ ಬದಲಾಗಲಿಲ್ಲ. "ಅಲ್ಲಿ ಮಾಡೋದು ಈ ಪಟ್ಟೀಲೇ. ನೋಡ್ರಿ, ಸಕ್ಕರಿಯೊಳಗ ಜಾತಿ ಭಾಳ ಅದಾವು. ಈ ಪಟ್ಟಿಗೆ ಒಂದೇ ಜಾತಿ ಗುರ್ತು. ಈ ನೀಲಿ ನೀರು ಹಳೇದು, ಇದಕ್ಕ ಊರ ಮಂದಿ ಎಲ್ಲಾ ಪರಿಚಯ." ಆಮೇಲೆ ಕೇಳಿದರು, "ಕೂಸು ಏನೇನು ತಿಂತೈತಿ?"

ನಾನು ಬಾಯಿ ತೆರೆಯುವ ಮೊದಲೇ ಅತ್ತಿ ಹೇಳಿದರು. "ಏನ್ ತಿಂತೈತಿ ಅಂತ ಯಾಕ ಕೇಳ್ತೀರಿ ಅಣ್ಣಾರ? ಏನ್ ಒಲ್ಲೆ ಅಂತೈತಿ ಅದನ್ನ ಕೇಳ್ರಿ. ಸೀ ಅಂದ್ರ ಮಾರಿ ಹೊಳ್ಳಸ್ತೈತಿ." ತಮ್ಮ ಮುಖವನ್ನು ಅತ್ತ ತಿರುಗಿಸಿ ತೋರಿಸಿದರು. "ಬೆಲ್ಲದ ಡಬ್ಬಿ ಮುಚ್ಚಳ ತೆಗೆದ್ರ ಅಳಾಕ ಹತ್ತತೈತಿ."

"ಇದನ್ನ ಡಾಕ್ಟರಿಗೆ ಹೇಳೀರೇನು?"

"ಯಾರು ಕೇಳ್ಯಾರು?"

ಹನುಮಂತಪ್ಪನವರು ನಳಿಕೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಬೆಳಿಗ್ಗೆ ಏನು ಕೊಟ್ಟಿದ್ದಿರಿ ಎಂದರು. ಟಾನಿಕ್ಕು ಎಂದೆ. ಮರುದಿನ ಅದನ್ನು ಕೊಡುವ ಮೊದಲು ಮೂತ್ರ ಹಿಡಿದು ತರಲು ಹೇಳಿದರು. ಮರುದಿನದ ನಳಿಕೆ ನೀಲಿಯಾಗಿಯೇ ಉಳಿಯಿತು. ಎರಡನ್ನೂ ಕಟ್ಟೆಯ ಮೇಲೆ ಅಕ್ಕಪಕ್ಕ ನಿಲ್ಲಿಸಿ, ನಿನ್ನೆಯದಕ್ಕೂ ಇವತ್ತಿನದಕ್ಕೂ ಚೀಟಿ ಅಂಟಿಸಿದರು. "ನಾ ಡಾಕ್ಟರಲ್ಲ. ನಾ ಏನೂ ಹೇಳಂಗಿಲ್ಲ. ಆದ್ರ ಇವು ಹೇಳ್ತಾವು. ಇವನ್ನ ಯಾರಾದ್ರು ಕೇಳಬೇಕು."

ಶರಣು ಅಂದು ಅರ್ಧ ದಿನ ರಜೆ ಹಾಕಿ ಬಂದರು. ಅವರು ಮಾತು ಕಡಿಮೆಯ ಮನುಷ್ಯ. ಎರಡು ನಳಿಕೆ ನೋಡಿ, "ನಮ್ಮಲ್ಲಿ ಒಂದು ಭಾಗಕ್ಕ ಎರಡು ಮೀಟರು ಬ್ಯಾರೆ ಬ್ಯಾರೆ ತೋರಿಸಿದ್ರ ಕೆಂಪು ಚೀಟಿ ಕಟ್ಟಿ ಇಡ್ತೀವಿ. ಯಾವುದು ಖರೆ ಅಂತ ಗೊತ್ತಾಗೂತನಕ ಅದು ಮುಂದ ಹೋಗಂಗಿಲ್ಲ" ಎಂದರು. ಅದೇ ಮಾತನ್ನು ಹೊಸ ಆಸ್ಪತ್ರೆಯಲ್ಲಿ, ಸೂಜಿಯ ಪರೀಕ್ಷೆಯ ದಿನ, ಇಂಗ್ಲಿಷಿನಲ್ಲಿ ಹೇಳಿದರು. ದೊಡ್ಡ ಡಾಕ್ಟರರು ಮುಗುಳ್ನಕ್ಕರು. ಸ್ಪಿರಿಟ್ ದೀಪದ ಕಾಲ ಮುಗಿದಿದೆ, ಪಟ್ಟಿ ಓದುವ ನಮ್ಮ ಯಂತ್ರ ತಪ್ಪು ಹೇಳುವುದಿಲ್ಲ ಎಂದರು. ನರ್ಸು ಒಪ್ಪಿಗೆಯ ನಮೂನೆ ತಂದು ನನ್ನ ಮುಂದಿಟ್ಟಳು. ರಕ್ತ ಹೆಪ್ಪುಗಟ್ಟುವುದು ನಿಧಾನವಾಗಿದೆ, ಏನಾದರೂ ಆದರೆ ಆಸ್ಪತ್ರೆ ಹೊಣೆಯಲ್ಲ ಎಂದು ಅದರಲ್ಲಿತ್ತು.

ನಮೂನೆಗಳನ್ನು ಓದುವುದು ನನ್ನ ವಿದ್ಯೆ. ಅದನ್ನು ಎರಡು ಸಲ ಓದಿದೆ. ಇಡೀ ಪುಟದಲ್ಲಿ ಹೊಣೆ ಎಂಬ ಮಾತು ಬಂದ ಜಾಗದಲ್ಲೆಲ್ಲ ಅದು ನನ್ನ ಕಡೆಗೆ ತಿರುಗಿತ್ತು. ಅತ್ತಿಯ ಮಡಿಲಲ್ಲಿ ಚಾರು ಮಲಗಿದ್ದಳು. ಸಹಿ ಹಾಕಿದರೆ ಸೂಜಿ, ಹಾಕದಿದ್ದರೆ ಅಣ್ಣನ ದಾರಿ. ಪೆನ್ನಿನ ಮುಚ್ಚಳ ತೆಗೆದಿದ್ದೆ. ಶರಣುವಿನ ಕೆಂಪು ಚೀಟಿಯ ಮಾತು ನೆನೆದು ಮತ್ತೆ ಮುಚ್ಚಳ ಹಾಕಿದೆ. ವೈದ್ಯರ ಸಲಹೆಗೆ ವಿರುದ್ಧವಾಗಿ ಮಗುವನ್ನು ಕರೆದೊಯ್ಯುತ್ತಿದ್ದೇವೆ ಎಂಬ ಬೇರೊಂದು ನಮೂನೆಗೆ ಸಹಿ ಹಾಕಿ ಹೊರಬಂದೆವು.

ಹನುಮಂತಪ್ಪನವರು ಒಂದು ವಿಳಾಸ ಬರೆದುಕೊಟ್ಟಿದ್ದರು. ಹಿಂದೆ ಸರ್ಕಾರಿ ಮಕ್ಕಳ ಆಸ್ಪತ್ರೆಯಲ್ಲಿ ಅವರು ಯಾರ ಕೈಕೆಳಗೆ ಕೆಲಸ ಕಲಿತರೋ ಆ ಡಾಕ್ಟರಮ್ಮ ಈಗ ಹಿಮಾಯತ್‌ನಗರದಲ್ಲಿ, ಬಟ್ಟೆಯ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಕೂರುತ್ತಿದ್ದರು. ಎಪ್ಪತ್ತು ದಾಟಿದವರು. ಟೋಕನ್ ಇರಲಿಲ್ಲ, ಬೆಂಚಿನ ಮೇಲೆ ಜರುಗುತ್ತ ಹೋಗಬೇಕಿತ್ತು. ನಮ್ಮ ಸರದಿ ಬಂದಾಗ ಕಡತವನ್ನು ಅವರ ಮುಂದಿಟ್ಟೆ. ಅವರು ಅದನ್ನು ಬಿಚ್ಚಲಿಲ್ಲ. ಚಾರುವಿನ ಗಲ್ಲ ಹಿಡಿದು, ಅತ್ತಿಯ ಮುಖ ನೋಡಿ ಕೇಳಿದರು:

"ಅಮ್ಮಾ, ಬಚ್ಚಿ ಕ್ಯಾ ನಕ್ಕೋ ಬೋಲ್ತೀ?"

ಮಗು ಏನನ್ನು ಒಲ್ಲೆ ಅನ್ನುತ್ತದೆ? ಎರಡು ಮಕ್ಕಳು, ಮೂರು ಆಸ್ಪತ್ರೆ, ಎಣಿಸಲಾಗದಷ್ಟು ಡಾಕ್ಟರರ ನಂತರ ಮೊದಲ ಬಾರಿಗೆ ಆ ಪ್ರಶ್ನೆ. ಅತ್ತಿ ತಮ್ಮ ಮುರುಕು ಹಿಂದಿಯಲ್ಲಿ ಹೇಳುತ್ತ ಹೋದರು. ಸಜ್ಜಕ, ಬಾಳೆಹಣ್ಣು, ಸಂಕ್ರಾಂತಿಯ ಸಕ್ಕರೆ ಅಚ್ಚು, ಸಿರಪ್. ಡಾಕ್ಟರಮ್ಮ ನಡುವೆ ಬಾಯಿ ಹಾಕಲಿಲ್ಲ. ಎಲ್ಲ ಕೇಳಿ, ಮನೆಯಲ್ಲಿರುವ ಔಷಧಿಯ ಸೀಸೆಗಳನ್ನೆಲ್ಲ ತರಿಸಿ ಮೇಜಿನ ಮೇಲೆ ನಿಲ್ಲಿಸಿದರು. ಏಳು ಸೀಸೆ. ಪ್ರತಿಯೊಂದರ ಚೀಟಿಯನ್ನೂ ಭೂತಗನ್ನಡಿಯಲ್ಲಿ ಓದಿದರು. ಔಷಧಿಯ ಹೆಸರಿತ್ತು, ಬಣ್ಣದ ಹೆಸರಿತ್ತು. ಅದನ್ನು ಯಾವುದರಲ್ಲಿ ಕರಗಿಸಿದ್ದಾರೆಂದು ಒಂದರಲ್ಲಿಯೂ ಬರೆದಿರಲಿಲ್ಲ. ಆಮೇಲೆ ಪ್ರತಿಯೊಂದರ ಹನಿಯನ್ನು ತಾವೇ ಬೆರಳಿಗೆ ಹಚ್ಚಿ ನಾಲಿಗೆಗೆ ಇಟ್ಟು ನೋಡಿದರು. ಏಳೂ ಸಿಹಿ.

ಹದಿನಾಲ್ಕು ದಿನ ಸಕ್ಕರೆ, ಬೆಲ್ಲ, ಜೇನು, ಹಣ್ಣು, ಸಿರಪ್ ಯಾವುದೂ ಬೇಡ ಎಂದರು. ತಾವು ಬರೆದ ಪಟ್ಟಿಯ ಊಟ ಮಾತ್ರ. ಪ್ರತಿ ಎರಡನೆಯ ದಿನ ಮಗುವನ್ನು ತಂದು ತೋರಿಸಬೇಕು. ಇಟ್ಟಿಗೆ ಬಣ್ಣ ತಂದ ಮೂತ್ರದಲ್ಲಿ ಹನುಮಂತಪ್ಪನವರು ಕಾಯ್ದಿರಿಸಿದ್ದ ಭಾಗವನ್ನು, ಸಕ್ಕರೆಗಳ ಜಾತಿಯನ್ನು ಕಾಗದದ ಮೇಲೆ ಬೇರ್ಪಡಿಸುವ ಪರೀಕ್ಷೆಗೆ ಕಳುಹಿಸಿದರು. ಎಲ್ಲಿಗೆ ಗೊತ್ತೆ? ನನ್ನದೇ ವಿಶ್ವವಿದ್ಯಾಲಯಕ್ಕೆ. ಗ್ರಂಥಾಲಯಕ್ಕೆ ಹೋಗುವಾಗ ನಾನು ಪ್ರತಿದಿನ ದಾಟುತ್ತಿದ್ದ ಹಳೆಯ ಕಲ್ಲಿನ ಕಟ್ಟಡಕ್ಕೆ. ಉತ್ತರ ನನ್ನ ದಾರಿಯ ಪಕ್ಕದಲ್ಲೇ ಇತ್ತು, ಅಭಯನ ಕಾಲದಿಂದಲೂ ಇತ್ತು.

ಆರನೆಯ ದಿನ ಚಾರು ನೆಲದ ಮೇಲೆ ಉರುಳಾಡಿ ಆಡಿದಳು. ಹತ್ತನೆಯ ದಿನ ಕಣ್ಣು ಬೆಳ್ಳಗಾಯಿತು. ಹದಿಮೂರನೆಯ ದಿನ ಎದುರುಮನೆಯವರು ಬಂದು, "ಏಂಟಿ, ಪರುಗೆತ್ತುತೋಂದಿ" ಎಂದು ಬೆರಗಾದರು. ಓಡುತ್ತಿದ್ದಳು ನಿಜವಾಗಿಯೂ. ಇಡೀ ಮನೆ ನಗಬೇಕಿತ್ತು. ಅತ್ತಿ ಅಡುಗೆಮನೆಯಲ್ಲಿ ಗೋಡೆಗೆ ಮುಖ ಮಾಡಿ ಕುಳಿತಿದ್ದರು. ಒಳಲೆಯನ್ನು ಹುಣಸೆಹಣ್ಣು ಹಚ್ಚಿ ಉಜ್ಜುತ್ತಿದ್ದರು. ಫಳಫಳ ಹೊಳೆಯುತ್ತಿದ್ದರೂ ಉಜ್ಜುತ್ತಲೇ ಇದ್ದರು.

"ಇರಲಿ ಬಿಡತ್ತಿ" ಎಂದೆ.

"ನನ್ನ ಕೈಲೇ ಹಾಕಿದ್ನಲ್ಲ, ಸುಮಿ" ಎಂದರು. "ಒಂದು ಹನಿ ಚೆಲ್ಲಲಾರದಂಗ."

ಅವರ ಪಕ್ಕದಲ್ಲಿ ಕುಳಿತೆ. ಕಾಲು ಹಿಡಿದವಳು ನಾನೇ ಅಲ್ಲವೆ?

ಕಾಗದದ ಪರೀಕ್ಷೆಯ ಫಲ ಬಂತು. ಹಣ್ಣು, ಜೇನು, ಬೆಲ್ಲ, ಸಕ್ಕರೆ ಎಲ್ಲದರೊಳಗೂ ಇರುವ ಒಂದು ಬಗೆಯ ಸಿಹಿಯನ್ನು ಅವಳ ಯಕೃತ್ತು ಅರಗಿಸಲಾರದು. ಅದು ಅವಳಿಗೆ ವಿಷ. ತಂದೆಯಿಂದ ಅರ್ಧ, ತಾಯಿಯಿಂದ ಅರ್ಧ ಬಂದ ಕೊರತೆ. ಔಷಧಿಯಿಲ್ಲ, ಔಷಧಿ ಬೇಕಾಗಿಯೂ ಇಲ್ಲ, ದೂರವಿಟ್ಟರೆ ಸಾಕು. ವರ್ಷಗಳ ನಂತರ ವಂಶವಾಹಿಯ ಪರೀಕ್ಷೆಯೂ ಅದನ್ನೇ ಹೇಳಿತು. ಡಾಕ್ಟರಮ್ಮ ಇನ್ನೊಂದು ಮಾತು ಹೇಳಿದರು. ಇಂಥ ಮಕ್ಕಳಲ್ಲಿ ಹಲವರು ಬದುಕುವುದು ತಮ್ಮ ನಾಲಿಗೆಯಿಂದಲೇ, ಯಾವುದು ತಮ್ಮನ್ನು ಕೊಲ್ಲುತ್ತದೆಂದು ಅವಕ್ಕೆ ಗೊತ್ತಾಗುತ್ತದೆ, ದೊಡ್ಡವರು ಬಿಟ್ಟರೆ. ಮೆಟ್ಟಿಲಿಳಿಯುವಾಗ ಶರಣು ಪಕ್ಕದ ಕಂಬಿ ಹಿಡಿದು ನಿಂತುಬಿಟ್ಟರು. "ಅಭಯಗ ಕಬ್ಬಿನ ಹಾಲು" ಎಂದರು. ಅಷ್ಟೇ.

ಇದನ್ನು ಓದಿ ಯಾರೂ ತಮ್ಮ ಮಗುವಿನ ಊಟವನ್ನು ತಾವೇ ಬದಲಿಸಬಾರದು. ಆದರೆ ಡಾಕ್ಟರರ ಮೇಜಿನ ಮುಂದೆ ಕುಳಿತಾಗ, ಅವರು ಕೇಳದಿದ್ದರೂ, ನಿಮ್ಮ ಮಗು ಏನನ್ನು ಒಲ್ಲೆ ಅನ್ನುತ್ತದೆಂದು ಹೇಳಿ. ಬರೆದುಕೊಳ್ಳುವವರೆಗೆ ಏಳಬೇಡಿ.

ಅಭಯ ತೀರಿಕೊಂಡ ಆಸ್ಪತ್ರೆಗೆ ನಾನು ಮೂರು ಪತ್ರ ಬರೆದೆ. ಅವನ ಕಡತ ಕೊಡಿ, ಮರಣದ ಕಾರಣವನ್ನು ಮತ್ತೆ ಪರಿಶೀಲಿಸಿ, ಆ ಪಥ್ಯದ ಚೀಟಿಯನ್ನು ಇನ್ನೊಂದು ಮಗುವಿನ ಕೈಗೆ ಕೊಡುವ ಮೊದಲು ಒಂದು ಪ್ರಶ್ನೆ ಕೇಳಿ. ಮೂರನೆಯ ಪತ್ರದ ನಂತರ ಅಧೀಕ್ಷಕರು ಕರೆದರು. ಕಂಪ್ಯೂಟರ್ ಬರುವ ಮುಂಚಿನ ಕಡತಗಳನ್ನು ವಿಲೇವಾರಿ ಮಾಡಿದ್ದಾರೆ, ಅಂಥ ರೋಗಿಯ ದಾಖಲೆಯೇ ನಮ್ಮಲ್ಲಿ ಇಲ್ಲ ಎಂದರು.

"ಇಷ್ಟು ಅಪರೂಪದ ಕಾಯಿಲೆಯನ್ನು ಯಾರು ಊಹಿಸಿಕೊಳ್ಳುತ್ತಾರಮ್ಮ?"

"ಊಹಿಸಿ ಎಂದು ನಾನು ಕೇಳುತ್ತಿಲ್ಲ. ವಿಚಾರಿಸಿ ಎನ್ನುತ್ತಿದ್ದೇನೆ."

"ದಾಖಲೆಯಿಲ್ಲದೆ ಏನನ್ನು ವಿಚಾರಿಸಲಿ?"

ನಾನು ಚೀಲದಿಂದ ಆ ಅಚ್ಚಾದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಆಸ್ಪತ್ರೆಯ ಹೆಸರು ಮೇಲೆ, ಬಾಲ್‌ಪೆನ್ನಿನಲ್ಲಿ ಅಭಯನ ಹೆಸರು ಕೆಳಗೆ, ಒಂದನೆಯ ಸಾಲಿನಲ್ಲಿ ಕಬ್ಬಿನ ಹಾಲು. ಅವರು ಅದನ್ನು ಓದಿದರು. ನಕಲು ತೆಗೆದುಕೊಳ್ಳುತ್ತೇವೆ ಎಂದರು. ತೆಗೆದುಕೊಂಡರು. ಉತ್ತರ ಇನ್ನೂ ಬಂದಿಲ್ಲ.

ಚಾರುಗೆ ಈಗ ಎಂಟು. ಶಾಲೆಯಲ್ಲಿ ಯಾರ ಹುಟ್ಟುಹಬ್ಬಕ್ಕೂ ಚಾಕೊಲೇಟಿಗೆ ಕೈ ಚಾಚುವುದಿಲ್ಲ, ಜೇಬಿನಲ್ಲಿ ಉಪ್ಪುಶೇಂಗಾ ಇರುತ್ತದೆ. ಸೀಸೆಯ ಔಷಧಿ ಬರೆದ ಡಾಕ್ಟರರಿಗೆ, "ಇದರಾಗ ಸಕ್ಕರಿ ಐತೇನ್ರಿ?" ಎಂದು ತಾನೇ ಕೇಳುತ್ತಾಳೆ. ಅವರಿಗೆ ಬಹಳ ಸಲ ಗೊತ್ತಿರುವುದಿಲ್ಲ.

ಕಳೆದ ಭಾನುವಾರ ಮೇಜಿನ ಮೇಲಿದ್ದ ಆ ಚೀಟಿ ಅವಳ ಕೈಗೆ ಸಿಕ್ಕಿತು. ಅಕ್ಷರ ಕೂಡಿಸಿ ಅಣ್ಣನ ಹೆಸರು ಓದಿದಳು. ಕೆಳಗಿನ ಸಾಲುಗಳನ್ನೂ ಓದಿದಳು. ಅತ್ತಿ ಬಾಗಿಲ ಬಳಿ ಸೊಪ್ಪು ಸೋಸುತ್ತಿದ್ದರು.

"ಆಯೀ, ಅಣ್ಣಾನೂ ಒಲ್ಲೆ ಅಂತಿದ್ದನೇನು?" ಎಂದು ಅಜ್ಜಿಯನ್ನು ಕೇಳಿದಳು.

ಅತ್ತಿಯ ಕೈ ನಿಂತಿತು. "ಅಂತಿದ್ದವ್ವಾ" ಎಂದರು. "ಬಾಯಿಲೆ ಅನ್ನಾಕ ಬರ್ತಿದ್ದಿಲ್ಲ. ಮಾರಿ ಹೊಳ್ಳಸ್ತಿದ್ದ. ನಾವು ಮತ್ತ ಈ ಕಡೆ ಹೊಳ್ಳಿಸಿ ಹಾಕಿದ್ವಿ."

ಮರುದಿನ ಆಸ್ಪತ್ರೆಗೆ ನಾಲ್ಕನೆಯ ಪತ್ರ ಬರೆದೆ. ಹಿಂದಿನ ಮೂರರಲ್ಲಿದ್ದ ವಾದಗಳನ್ನು ಮತ್ತೆ ಬರೆಯಲಿಲ್ಲ. ಅದರಲ್ಲಿ ಇದ್ದುದು ಇಷ್ಟು: "ರೋಗಿಯ ಹೆಸರು ಅಭಯ. ವಯಸ್ಸು ಎಂಟು ತಿಂಗಳೊಳಗೆ. ನೀವು ಬರೆದುಕೊಟ್ಟದ್ದನ್ನು ಅವನು ಹನ್ನೊಂದು ದಿನವೂ ಬೇಡವೆಂದು ಮುಖ ತಿರುಗಿಸಿದ್ದ. ಇದನ್ನು ದಾಖಲಿಸಿಕೊಳ್ಳಿ."